ಇಫ್-ಎಲ್ಸ್ ಇಲ್ಲದೆ ಸ್ಟ್ರಿಂಗ್ ಬಿಡಿಸುವುದು ಹೇಗೆ?

ಮನೆ ಸಾಮಾನಿನ ಪಟ್ಟಿ ನೋಡಿಕೊಳ್ಳುವ ಪುಟ್ಟ ಬಾಟ್ ಒಂದನ್ನು ಎಲಿಕ್ಸಿರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯೋಣ. ‘ಸೇರಿಸು ಹಾಲು’ ಅಂದರೆ ಸೇರಿಸಬೇಕು, ‘ತೆಗೆ ಬೆಲ್ಲ’ ಅಂದರೆ ತೆಗೆಯಬೇಕು. ಇದಕ್ಕೆ ಇಫ್-ಎಲ್ಸ್ ಪೋಣಿಸುತ್ತಾ ಕೂರಬೇಕಿಲ್ಲ. ಫಂಕ್ಷನ್ನಿನ ತಲೆಯಲ್ಲೇ, ಅಂದರೆ ಅದು ಏನು ತೆಗೆದುಕೊಳ್ಳುತ್ತದೆ ಅಂತ ಹೇಳುವ ಮೊದಲ ಸಾಲಿನಲ್ಲೇ, ಸ್ಟ್ರಿಂಗ್ (ಬಂದ ಪಠ್ಯ) ಹೇಗಿರಬೇಕು ಅಂತ ಬರೆದರೆ ಸಾಕು.

ಮೊದಲು, ಬಂದ ಸಂದೇಶದ ಹಿಂದೆ ಮುಂದೆ ಇರುವ ಖಾಲಿ ಜಾಗ ಟ್ರಿಮ್ ಮಾಡಿ. ಆಮೇಲೆ ಒಂದೊಂದು ಆಜ್ಞೆಗೂ ಒಂದೊಂದು ಪ್ಯಾಟರ್ನ್, ಅಂದರೆ ಸ್ಟ್ರಿಂಗ್ ಹೇಗಿರಬೇಕು ಅನ್ನುವ ಅಚ್ಚು (ನಡುವಿನ ಚಿಹ್ನೆ ಎರಡು ಸ್ಟ್ರಿಂಗ್ ಜೋಡಿಸುವಂಥದ್ದು):

"ಸೇರಿಸು " <> ವಸ್ತು
"ತೆಗೆ " <> ವಸ್ತು
"ಪಟ್ಟಿ"
_

ವೇರಿಯಬಲ್ ಹೆಸರು ಕನ್ನಡದಲ್ಲಿದೆ ಅಂತ ಗಾಬರಿ ಬೇಡ, ನಿಜವಾಗಿಯೂ ನಡೆಯುತ್ತದೆ. ‘ಸೇರಿಸು ಹಾಲು’ ಬಂದರೆ ವಸ್ತು ಅನ್ನುವುದರಲ್ಲಿ "ಹಾಲು" ಕೂರುತ್ತದೆ. ಹೋಲಿಕೆ ಮೇಲಿನಿಂದ ಕೆಳಕ್ಕೆ ನಡೆಯುವುದರಿಂದ, ಏನು ಬಂದರೂ ಒಪ್ಪುವ ಅಂಡರ್‌ಸ್ಕೋರ್ ಕೊನೆಗೇ ಇರಲಿ. ಅದನ್ನೇ ಮೊದಲಿಟ್ಟರೆ ಉಳಿದವುಗಳ ಸರದಿ ಬರುವುದೇ ಇಲ್ಲ.

ಆ ಕೋಟ್ ಒಳಗಿನ ಸ್ಪೇಸ್ ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ‘ಸೇರಿಸುವುದು ಹೇಗೆ’ ಅಂತ ಯಾರಾದರೂ ಕೇಳಿದಾಗ ನಿಮ್ಮ ಬಾಟ್ ಸುಮ್ನೆ "ವುದು ಹೇಗೆ" ಅನ್ನುವ ಸಾಮಾನನ್ನು ಪಟ್ಟಿಗೆ ಸೇರಿಸಿಬಿಡುತ್ತದೆ!

ಸರಿ, ಸ್ಟ್ರಿಂಗಿನ ಶುರುವಿನ ಬದಲು ಬಾಲ ಹಿಡಿಯಬೇಕು ಅಂದರೆ? ವಸ್ತು <> " ಕೆಜಿ" ಅಂತ ಬರೆದರೆ ಕಂಪೈಲ್ ಆಗುವುದಿಲ್ಲ. ಎಡಗಡೆಯ ವೇರಿಯಬಲ್ ಎಷ್ಟು ಬೈಟ್ ನುಂಗಬೇಕು ಅಂತ ಎಲಿಕ್ಸಿರ್‌ಗೆ ಗೊತ್ತಿಲ್ಲವಲ್ಲ. ಅಲ್ಲಿ ಸ್ಪೇಸ್ ಇದ್ದಲ್ಲೆಲ್ಲ ಸ್ಪ್ಲಿಟ್ ಮಾಡಿ, ಬಂದ ಲಿಸ್ಟನ್ನು [ವಸ್ತು, ತೂಕ, "ಕೆಜಿ"] ಅಂತ ಮ್ಯಾಚ್ ಮಾಡುವುದೇ ಸುಲಭ. ಆದರೆ ‘ತೊಗರಿ ಬೇಳೆ 2 ಕೆಜಿ’ ಬಂದರೆ ನಾಲ್ಕು ತುಂಡಾಗಿ ಇದೂ ಕೈಕೊಡುತ್ತದೆ, ಆಗ ಲಿಸ್ಟನ್ನು ಹಿಂದುಮುಂದಾಗಿ ತಿರುಗಿಸಿ ["ಕೆಜಿ", ತೂಕ | ಉಳಿದದ್ದು] ಅಂತ ಹಿಡಿಯಿರಿ.

ಇನ್ನು ಕನ್ನಡದವರಿಗೂ ಇರುವ ತಲೆನೋವು. ‘ಕಾ’ ನಮಗೆ ಒಂದು ಅಕ್ಷರ, ಯುನಿಕೋಡ್‌ಗೆ ಎರಡು ಕೋಡ್‌ಪಾಯಿಂಟ್ (ಒಂದೊಂದು ಚಿಹ್ನೆಗೆ ಕೊಟ್ಟ ಸಂಖ್ಯೆ), ಅದನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ 6 ಬೈಟ್. ಒಂದೊಂದೇ ಕೋಡ್‌ಪಾಯಿಂಟ್ ಕಿತ್ತರೆ ‘ಕ’ ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಅಕ್ಷರ ಬಿಡಿಸಲು ಸ್ಟ್ರಿಂಗ್ ಮಾಡ್ಯೂಲಿನ ಗ್ರಾಫೀಮ್ (ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ) ಫಂಕ್ಷನ್‌ಗಳನ್ನೇ ಬಳಸಿ. ಒತ್ತಕ್ಷರ ಬಂದಾಗ ಮಾತ್ರ ಅವುಗಳ ಲೆಕ್ಕವನ್ನೂ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು.

ಇದಕ್ಕಿಂತ ಜಾಸ್ತಿ ಕಾಡುವುದು ‘ಕೊ’. ಅದರ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್ ಬೇರೆ, ಹಾಗಾಗಿ "ಕೊಡು " <> ವಸ್ತು ಒಮ್ಮೊಮ್ಮೆ ಕಾರಣವೇ ತಿಳಿಯದಂತೆ ಕೈಕೊಡುತ್ತದೆ. ಟ್ರಿಮ್ ಮಾಡುವ ಜಾಗದಲ್ಲೇ ಎನ್‌ಎಫ್‌ಸಿಗೆ ನಾರ್ಮಲೈಸ್ ಕೂಡ ಮಾಡಿಬಿಡಿ, ಅಂದರೆ ಎರಡಾಗಿ ಬಂದದ್ದನ್ನು ಒಂದೇ ಕೋಡ್ ಆಗಿಸುವ ಯುನಿಕೋಡ್ ರೂಪಕ್ಕೆ ತನ್ನಿ.