ಮೂಗಾ ಸ್ಕ್ಯಾನಿನಲ್ಲಿ ಪಾಥ್‌ವೇ ಹಿಡಿದದ್ದು: ನನ್ನ ಅನುಭವ

ಡಬ್ಲ್ಯುಪಿಡಬ್ಲ್ಯು ಇದ್ದವರ ಹೃದಯದಲ್ಲಿ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ವಿದ್ಯುತ್ ಹರಿಯಲು ಹುಟ್ಟಿನಿಂದಲೇ ಒಂದು ಹೆಚ್ಚಿನ ದಾರಿ (ಪಾಥ್‌ವೇ) ಇರುತ್ತದೆ, ಅದು ತಲುಪುವ ಜಾಗ ಉಳಿದದ್ದಕ್ಕಿಂತ ಮೊದಲು ಸಂಕುಚಿಸುತ್ತದೆ. ಮೂಗಾ ಎಂದರೆ ರಕ್ತಕ್ಕೆ ಐಸೋಟೋಪ್ ಬೆರೆಸಿ ಹೃದಯದ ಬಡಿತವನ್ನು ಫ್ರೇಮ್ ಫ್ರೇಮಾಗಿ ಹಿಡಿಯುವ ಸ್ಕ್ಯಾನ್, ಯಾವ ಜಾಗ ಮೊದಲು ಸಂಕುಚಿಸಿತು ಎಂದು ಬಣ್ಣದಲ್ಲಿ ತೋರಿಸುವುದು ಅದರ ಫೇಸ್ ಇಮೇಜ್. ಅದನ್ನು ನೋಡಿ ಪಾಥ್‌ವೇ ಎಡಕ್ಕೋ ಬಲಕ್ಕೋ ಹೇಳುತ್ತೇನೆ ಎಂದಾಗ ಮಂಗಳೂರಿನ ನಮ್ಮ ಇಪಿ ಡಾಕ್ಟರು (ಹೃದಯದ ವಿದ್ಯುತ್ ತೊಂದರೆ ನೋಡುವವರು) ನಕ್ಕರು. "ಇಸಿಜಿಯಲ್ಲೇ ಕಾಣ್ತದಲ್ಲ ಮಾರಾಯ್ರೆ, ಐಸೋಟೋಪ್ ಯಾಕೆ?" ನಗುವುದಕ್ಕೆ ಕಾರಣವೂ ಇತ್ತು. 1980ರ ದಶಕದಲ್ಲಿ ಹೊರದೇಶದವರು ಮಾಡಿ, ಪಾಥ್‌ವೇಯನ್ನೇ ಸುಟ್ಟುಹಾಕುವ ಅಬ್ಲೇಶನ್ ಬಂದ ಮೇಲೆ ಹೆಚ್ಚುಕಡಿಮೆ ಮೂಲೆಗಿಟ್ಟ ವಿದ್ಯೆ ಇದು.

ಮೊದಲ ಏಳೆಂಟು ಸ್ಕ್ಯಾನು ದಂಡ. ನಿಮಿಷಕ್ಕೆ 75 ಬಡಿತವಿದ್ದರೆ, ಒಂದು ಬಡಿತವನ್ನು 16 ಫ್ರೇಮಾಗಿ ಕತ್ತರಿಸಿದಾಗ ಒಂದೊಂದು ಫ್ರೇಮ್ 50 ಮಿಲಿಸೆಕೆಂಡ್, ಸಣ್ಣ ವ್ಯತ್ಯಾಸ ಹಿಡಿಯಲು ಅದು ತೀರಾ ದಪ್ಪ. ನಡುವಿನದನ್ನು ಫೂರಿಯರ್ ಗಣಿತ ತುಂಬಿಕೊಡುತ್ತದೆ ಎನ್ನುತ್ತಾರೆ, ನನಗಂತೂ ತುಂಬಿಕೊಡಲಿಲ್ಲ. 32ಕ್ಕೆ ಏರಿಸಿದರೆ ಫ್ರೇಮಿಗೆ ಕೌಂಟ್ (ಕ್ಯಾಮೆರಾ ಎಣಿಸುವ ಗಾಮಾ ಕಿರಣ) ಸಾಲದೆ ಎಲ್ಲ ಚುಕ್ಕಿಚುಕ್ಕಿ. ಕೊನೆಗೆ 24 ಫ್ರೇಮ್, ಸುಮಾರು 25 ಮಿಲಿಕ್ಯೂರಿ ಐಸೋಟೋಪ್, ಕಾಲು ಗಂಟೆ ಎಂದು ನಿಂತಿತು. ಐಸೋಟೋಪ್ ಕೊಡುವ ಜನರೇಟರಿನ ಸೋಮವಾರದ ಶಕ್ತಿ ಗುರುವಾರಕ್ಕೆ ಅರ್ಧಕ್ಕಿಂತ ಕೆಳಗಿಳಿಯುವುದರಿಂದ ಈ ಕೇಸುಗಳೆಲ್ಲ ವಾರದ ಆರಂಭಕ್ಕೇ.

ಫೇಸ್ ಸಾಫ್ಟ್‌ವೇರಿಗೆ ಕಂಪನಿಯೊಂದು ಕೇಳಿದ್ದು ಐದಾರು ಲಕ್ಷ. ಆಡಳಿತದವರ ಹತ್ತಿರ ಹೋಗುವ ಧೈರ್ಯವೇ ಆಗಲಿಲ್ಲ. ಸ್ಕ್ಯಾನಿನ ಡೈಕಾಮ್ ಫೈಲು ಹೊರತೆಗೆದು ಪೈಥಾನಿನಲ್ಲಿ ನಾನೇ ಬರೆದೆ: ಪ್ರತಿ ಪಿಕ್ಸೆಲಿಗೆ ಸೈನ್, ಕೊಸೈನ್ ಮೊತ್ತ, ಕೊನೆಗೊಂದು ಆರ್ಕ್‌ಟ್ಯಾನ್. ನೂರು ಸಾಲೂ ಇಲ್ಲ, ಖರ್ಚು ಸೊನ್ನೆ. ಬಡಿತ ತೀರಾ ಕಡಿಮೆ ಇರುವ ಪಿಕ್ಸೆಲುಗಳನ್ನು ಬಿಡುವ ಆಂಪ್ಲಿಟ್ಯೂಡ್ ಮಾಸ್ಕನ್ನು ಎಲ್ಲಿ ಕತ್ತರಿಸುತ್ತೇನೆ ಎಂಬುದು ಮಾತ್ರ ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಅಡ್ಡ ಪ್ರಯೋಗ. ಕೀಮೋದಿಂದ ಹೃದಯಕ್ಕೆ ಏಟು ಬಿದ್ದಿದೆಯೇ ಎಂದು ನೋಡಲು ಮೂಗಾಕ್ಕೆ ಹೇಗೂ ಬರುವವರಲ್ಲಿ ಕೆಲವರಿಗೆ ಪೇಸ್‌ಮೇಕರ್ ಇರುತ್ತದೆ. ಅದರ ಲೀಡ್ (ತಂತಿ) ಬಲ ಹೃತ್ಕುಕ್ಷಿಯ ತುದಿಯಲ್ಲಿದ್ದರೆ ಸಂಕೋಚನ ಅಲ್ಲಿಂದಲೇ ಶುರುವಾಗಬೇಕು. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಇದು. ನನ್ನ ಪ್ರೋಗ್ರಾಂ ಅಲ್ಲಿಗೇ ಬೆರಳಿಟ್ಟ ಮೇಲೆ ನಂಬಿಕೆ ಬಂತು. ಎಲ್‌ಬಿಬಿಬಿ (ಎಡಕ್ಕೆ ಹೋಗುವ ವಿದ್ಯುತ್ ದಾರಿಯಲ್ಲಿ ತಡೆ) ಇದ್ದವರಲ್ಲಿ ಎಡಗಡೆ ಪೂರ್ತಿ ತಡವಾಗಿ ಬಣ್ಣ ಬದಲಿಸುವುದು ನೋಡಲು ಬಲು ಚಂದ, ಅದರ ಒಂದು ಪ್ರಿಂಟನ್ನು ಗೋಡೆಗೇ ಅಂಟಿಸಿದ್ದೇನೆ.

ಇಷ್ಟಾದರೂ ಡಬ್ಲ್ಯುಪಿಡಬ್ಲ್ಯು ಕೈಗೆ ಸಿಗಲಿಲ್ಲ. ಪಾಥ್‌ವೇಯಿಂದ ಇಸಿಜಿಯಲ್ಲಿ ಮೂಡುವ ಡೆಲ್ಟಾ ಅಲೆ ಸಣ್ಣದಿದ್ದರೆ ಫೇಸ್ ಇಮೇಜ್ ನಾರ್ಮಲ್ಲೇ. ಮಾಮೂಲಿ ವಿದ್ಯುತ್ ದಾರಿಯನ್ನು ತಡೆಯುವ ಅಡೆನೊಸಿನ್ ಮದ್ದು ಕೊಟ್ಟರೆ ಡೆಲ್ಟಾ ಹಿಗ್ಗುತ್ತದೆ ನಿಜ, ಆದರೆ ಅದರ ಆಟ ಸೆಕೆಂಡುಗಳಲ್ಲಿ ಮುಗಿಯುತ್ತದೆ, ನಮಗೆ ಬೇಕಾದದ್ದು ಕಾಲು ಗಂಟೆ. ದಾರಿ ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ! ಹೃದಯದೊಳಗೆ ತಂತಿ ಇಳಿಸಿ ನೋಡುವ ಇಪಿ ಸ್ಟಡಿಗೆ ಮುಂಚೆ ಕಾರ್ಡಿಯಾಲಜಿಯವರು ಪಾಥ್‌ವೇಯನ್ನು ಅದುಮಿಡುವ ಮಾತ್ರೆಯನ್ನು ಹೇಗೂ ನಿಲ್ಲಿಸುತ್ತಾರೆ. ಸ್ಟಡಿಯ ಹಿಂದಿನ ದಿನಕ್ಕೆ ಸ್ಕ್ಯಾನ್ ಇಟ್ಟೆವು. ಡೆಲ್ಟಾ ದಪ್ಪ, ಚಿತ್ರ ಸ್ಪಷ್ಟ.

ಆಮೇಲೆ ಬಂದದ್ದು ಒಬ್ಬ ಆಟೋ ಚಾಲಕನ ಕೇಸು. ಅವರ ಇಸಿಜಿ ನೋಡಿ ಒಬ್ಬರು ಸೆಪ್ಟಲ್ (ಎಡಬಲದ ನಡುವಿನ ಗೋಡೆ, ಸೆಪ್ಟಮ್ಮಿನದು) ಎಂದರು, ಇನ್ನೊಬ್ಬರು ಎಡ ಎಂದರು. ಎಲ್‌ಎಓ ವ್ಯೂನಲ್ಲಿ (ಎದೆಯ ಎಡ ಓರೆಯಿಂದ ತೆಗೆದ ಚಿತ್ರ) ಎಡದ ಹೊರಗೋಡೆ ಸೆಪ್ಟಮ್ಮಿಗಿಂತ ಮೊದಲು ಎದ್ದಿತ್ತು. ನಾನು ಎಡ ಎಂದು ಬರೆದುಕೊಟ್ಟೆ. ಎಡಕ್ಕೆ ದಾಟಲು ಸೆಪ್ಟಮ್ ಚುಚ್ಚುವ ಸೂಜಿ, ಶೀತ್ (ಕೊಳವೆ) ಎಲ್ಲ ಮೊದಲೇ ತರಿಸಿಟ್ಟುಕೊಂಡರು. ಮರುದಿನ ಪಾಥ್‌ವೇ ಸಿಕ್ಕಿದ್ದು ಅಲ್ಲೇ. ನಕ್ಕಿದ್ದ ಡಾಕ್ಟರೇ ಈಗ ಕೇಸು ಕಳಿಸುತ್ತಾರೆ.

ಸೆಪ್ಟಮ್ಮಿಗೆ ತಾಗಿದವು ಇನ್ನೂ ಕೈಕೊಡುತ್ತವೆ, ಪ್ಲೇನಾರ್ (ಚಪ್ಪಟೆ) ಚಿತ್ರದಲ್ಲಿ ಅವು ಬಿಡಿಸಿ ಬರುವುದಿಲ್ಲ. ಅದಕ್ಕೇ ಮೂರು ಆಯಾಮದಲ್ಲಿ ತೋರಿಸುವ ಬ್ಲಡ್‌ಪೂಲ್ ಸ್ಪೆಕ್ಟ್ ಶುರುಮಾಡಿದ್ದೇನೆ. ಕನ್ಸೀಲ್ಡ್ ಪಾಥ್‌ವೇ (ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವುದರಿಂದ ಡೆಲ್ಟಾ ಮೂಡಿಸದ್ದು) ಇದ್ದವರನ್ನು ದಯವಿಟ್ಟು ಕಳಿಸಬೇಡಿ, ಅವರ ನಾಲ್ಕೈದು ಸಾವಿರ ಸುಮ್ಮನೆ ಹೋಗುತ್ತದೆ.