‘ಭಾವ, ಅಲ್ಲಿ ಚಂದ್ರ ಕಾಣ್ತಾನಾ?’

ಕೊಡಗಿನಲ್ಲಿ ಕೂತು ಗ್ರಹಣದ ಫೋಟೋ ತೆಗೆಯುವವನಿಗೆ ಡಿಸೆಂಬರ್, ಜನವರಿ ಲೆಕ್ಕಕ್ಕಿಲ್ಲ. 2019ರ ಡಿಸೆಂಬರ್ 26ರಂದು ಕುಟ್ಟದ ಹತ್ತಿರ ಕಾಯ್ಮಾನಿಯಲ್ಲಿ ಕಂಕಣ ಸೂರ್ಯಗ್ರಹಣ ಆಯಿತಲ್ಲ, ಆ ಸೀಸನ್ನಿನ ಆಕಾಶದಲ್ಲಿ ಯಾರು ಬೇಕಾದರೂ ತೆಗೆಯುತ್ತಾರೆ. ಮಳೆಗಾಲದ್ದು ತೆಗೆದು ತೋರಿಸಿ! ನಾನು ತೆಗೆದೆ. 2025ರ ಸೆಪ್ಟೆಂಬರ್ 7ರ ಖಗ್ರಾಸ ಚಂದ್ರಗ್ರಹಣ. ಕೊಡವರ ಕೈಲ್‌ಪೊಳ್ದು ಹಬ್ಬ ಮುಗಿದು ನಾಲ್ಕೇ ದಿನ, ಮಡಿಕೇರಿಯಲ್ಲಿ ಜಿಟಿಜಿಟಿ ಮಳೆ.

ಮೊದಲು ಸೋತ ಕಥೆ. 2018ರ ಜುಲೈ 27ರದ್ದು ಈ ಶತಮಾನದ ಅತಿ ಉದ್ದದ ಗ್ರಹಣ, 103 ನಿಮಿಷ ಪೂರ್ತಿ ಕೆಂಪು. ಮೈಸೂರಿನಿಂದ ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂ ಲೆನ್ಸ್ ಬಾಡಿಗೆಗೆ ತಂದೆ. ಎರಡು ದಿನಕ್ಕೆ ಮೂರು ಸಾವಿರದ ಹತ್ತಿರ ಹೋಯಿತು. ರಾತ್ರಿ ಉಪಗ್ರಹ ಚಿತ್ರದಲ್ಲಿ ಮಡಿಕೇರಿ ಮೇಲೆ ಮೋಡವೇ ಇರಲಿಲ್ಲ. ಬೆಟ್ಟ ಹತ್ತಿದರೆ ಸುತ್ತ ಬರೀ ಮಂಜು. ಕೊಡೆ ಹಿಡಿದು ಎರಡು ಗಂಟೆ ನಿಂತು ವಾಪಸ್ ಬಂದೆ. ರಾತ್ರಿ ಚಿತ್ರ ಶಾಖ ನೋಡಿ ತೆಗೆಯುವುದು, ಕೆಳಗಿನ ಮೋಡ ನೆಲದಷ್ಟೇ ಬೆಚ್ಚಗಿದ್ದರೆ ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ. 2020ರ ಜುಲೈಯಲ್ಲಿ ನಿಯೋವೈಸ್ ಧೂಮಕೇತು ಬಂತು, ಒಂದು ದಿನವೂ ಕಾಣಲಿಲ್ಲ. ಅದು ಮತ್ತೆ ಬರಲು ಆರು ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಬಿಡಿ.

ಈ ಸಲ ಹವಾಮಾನದ ಆ್ಯಪ್ ನಂಬಲಿಲ್ಲ, ಬೆಟ್ಟವನ್ನೂ ನಂಬಲಿಲ್ಲ. ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವಾಗ ಬೆಟ್ಟ ಯಾಕೆ ಬೇಕು? ಪೂರ್ವಕ್ಕೆ ಇಳಿಯುವುದೇ ಸರಿ. ಭಾಗಮಂಡಲದ ಮಳೆಯ ಕಾಲು ಭಾಗವೂ ಕುಶಾಲನಗರಕ್ಕೆ ಬೀಳುವುದಿಲ್ಲ, ದಿನದ ಮಳೆಯನ್ನು ಇಂಚು-ಸೆಂಟಿನಲ್ಲಿ ಬರೆದಿಡುವ ಯಾವ ತೋಟದವರನ್ನು ಕೇಳಿದರೂ ಹೇಳುತ್ತಾರೆ. ಗಾಳಿ ಜೋರಾಗಿದ್ದರೆ ಇನ್ನೂ ಒಳ್ಳೇದು. ಘಟ್ಟ ದಾಟಿ ಇಳಿಯುವಾಗ ಮೋಡ ಹರಿದು ಚೂರಾಗುತ್ತದೆ. ಗಾಳಿ ನಿಂತರೆ ಮಂಜು ಕೂತುಬಿಡುತ್ತದೆ.

ಮೋಡ ಎಲ್ಲಿ ಹರಿದಿದೆ ಅಂತ ಹೇಳಲು ಮೂವರನ್ನು ಗೊತ್ತು ಮಾಡಿದ್ದೆ. ಸುಂಟಿಕೊಪ್ಪದ ಭಾವ, ಕುಶಾಲನಗರದ ಒಬ್ಬ ಲಾರಿ ಡ್ರೈವರ್, ಹೆಬ್ಬಾಲೆ ಆಚೆ ರಾತ್ರಿಯಿಡೀ ಜೋಳ ಕಾಯುವ ಒಬ್ಬರು ರೈತರು. ಅರ್ಧ ಗಂಟೆಗೊಂದು ಫೋನ್. ಗೆಳೆಯರು ನಕ್ಕರು. ‘ಇದೆಂಥ ಮಾರಾಯ, ನಿನ್ನದೇ ಹವಾಮಾನ ಇಲಾಖೆಯಾ?’

ಒಂಬತ್ತಕ್ಕೆ ಹೊರಟೆ. ಭಾವನಿಗೆ ಫೋನ್ ಮಾಡಿದರೆ ‘ಚಂದ್ರ ಇಲ್ಲ ಮಾರಾಯ’ ಅಂದರು. ಸುಂಟಿಕೊಪ್ಪದಲ್ಲಿ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಾದೆ. ಆಮೇಲೆ ನೋಡಿದರೆ ಮೋಡದ ಸಂದಿಯಲ್ಲಿ ಚಂದ್ರ ತಲೆ ಮೇಲೇ ಇದ್ದಾನೆ! ಗ್ರಹಣ ಅಂತ ಅವರಮ್ಮ ಅಂಗಳಕ್ಕೆ ಇಳಿಯಲು ಬಿಟ್ಟಿರಲಿಲ್ಲ. ಭಾವ ಕಿಟಕಿಯಿಂದ ನೋಡಿ ವರದಿ ಕೊಡುತ್ತಿದ್ದರು.

ಡ್ರೈವರ್ ಫೋನೇ ಎತ್ತಲಿಲ್ಲ. ಜೋಳದವರು ಮಾತ್ರ ಒಂದೇ ಮಾತು ಹೇಳಿದರು: ‘ಬನ್ನಿ ಸಾರ್, ನನ್ನ ನೆರಳು ಬೀಳ್ತಾ ಇದೆ.’ ಯಾವ ಆ್ಯಪ್ ಇಷ್ಟು ಚೆನ್ನಾಗಿ ಹೇಳುತ್ತದೆ? ಹತ್ತೂಮುಕ್ಕಾಲಿಗೆ ಅಲ್ಲಿದ್ದೆ. ಜಾಗ ಯಾವುದು ಅಂತ ಹೇಳಲ್ಲ, ಶಿರಂಗಾಲ ರಸ್ತೆ ಅಂದುಕೊಳ್ಳಿ.

ನಮ್ಮಲ್ಲಿ ಧ್ರುವ ನಕ್ಷತ್ರ ಹನ್ನೆರಡು ಡಿಗ್ರಿ ಎತ್ತರದಲ್ಲಿ, ಯಾವಾಗಲೂ ಯಾವುದೋ ಮರದ ಹಿಂದೆ. ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರಿಗೆ ಆ ನಕ್ಷತ್ರವೇ ಗುರಿ. ಅದು ಕಾಣದ್ದಕ್ಕೇ ಟ್ರ್ಯಾಕರನ್ನು ದಿಕ್ಸೂಚಿ ಮತ್ತು ಮೊಬೈಲಿನ ಓರೆ ಅಳತೆ ಹಿಡಿದು ಕೂರಿಸಿದೆ. ಉಳಿದ ಜಾರಾಟ ಸರಿ ಮಾಡಲು ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಲೆನ್ಸಿನ ಮೇಲೆ ಕೂರುವ ಇಬ್ಬನಿಗೆ ಮೊದಲು ಕಾಫಿ ಗೋಣಿ ಸುತ್ತಿ ನೋಡಿದ್ದೆ. ತೇವ ಹೀರುತ್ತದೆ ಅಂತ ಸುಮ್ನೆ ಒಂದು ಪ್ರಯೋಗ. ನಾರು ಲೆನ್ಸಿಗೆ ಅಂಟಿ ಒರೆಸುವುದೇ ಕೆಲಸವಾಯಿತು. ಕೊನೆಗೆ ಕರೆಂಟ್ ಹರಿದರೆ ಬಿಸಿಯಾಗುವ ಆರೇಳು ರೆಸಿಸ್ಟರ್ ಸಾಲಾಗಿ ಹೊಲಿದ ಪಟ್ಟಿಯನ್ನು ಲೆನ್ಸಿಗೆ ಸುತ್ತಿ ಪವರ್ ಬ್ಯಾಂಕ್ ಕೊಟ್ಟೆ. ನೂರು ರೂಪಾಯಿಯೂ ಆಗಿಲ್ಲ.

11 ಗಂಟೆಗೆ ಭೂಮಿಯ ನೆರಳು ಚಂದ್ರನನ್ನು ಪೂರ್ತಿ ಮುಚ್ಚಿತು. ಖಗ್ರಾಸದ 82 ನಿಮಿಷದಲ್ಲಿ ಆಕಾಶ ನನಗೆ ಕೊಟ್ಟಿದ್ದು ನಾಲ್ಕು ಸಂದಿ, ಒಟ್ಟು ಇಪ್ಪತ್ತು ನಿಮಿಷ ಇರಬಹುದು. ಕ್ಯಾಮೆರಾ ಸೆಟ್ಟಿಂಗ್ ಐಎಸ್‌ಒ 1600, ಎಫ್ 6.3, ಒಂದು ಸೆಕೆಂಡಿನ ಆಸುಪಾಸು. ಚಂದ್ರನದ್ದು ಅಂಗಳದಲ್ಲಿ ಎರಡು ದಿನ ಒಣಗಿದ ಕಾಫಿ ಹಣ್ಣಿನ ಬಣ್ಣ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಶನಿ ಇದ್ದಾನೆ ಅಂತ ಎರಡನ್ನೂ ಒಟ್ಟಿಗೆ ಹಿಡಿಯಲು ಲೆನ್ಸ್ ಬದಲಿಸಿದೆ. ಅಷ್ಟರಲ್ಲಿ ಮೂರನೇ ಸಂದಿಯ ಅರ್ಧ ಹೋಯಿತು. ಚಪಲ, ಇನ್ನೇನು. ಮುನ್ನೂರು ಚಿತ್ರದಲ್ಲಿ ಹನ್ನೊಂದು ಚೆನ್ನಾಗಿ ಬಂದಿವೆ.

ಖರ್ಚು ಪೆಟ್ರೋಲಿಗೆ ಐನೂರು ಚಿಲ್ಲರೆ, ಜೋಳದವರಿಗೆ ಎರಡು ಕೆಜಿ ಕಾಫಿ ಪುಡಿ. ನಕ್ಕವರಲ್ಲಿ ಇಬ್ಬರು ಆ ರಾತ್ರಿ ಬೆಟ್ಟಕ್ಕೆ ಹೋಗಿ ಮಂಜಿನ ಫೋಟೋ ತಂದಿದ್ದಾರೆ. ಈಗ ಜೋಳದವರ ನಂಬರ್ ಕೇಳುತ್ತಿದ್ದಾರೆ. ಕೊಟ್ಟಿಲ್ಲ.

2028ರ ಡಿಸೆಂಬರ್ 31ರ ರಾತ್ರಿ ಇನ್ನೊಂದು ಖಗ್ರಾಸ ಇದೆ. ಡಿಸೆಂಬರ್ ಅಲ್ವಾ, ಸುಲಭ. ಭಾವನಿಗೆ ಮಾತ್ರ ಈಗಲೇ ಹೇಳಿಟ್ಟಿದ್ದೇನೆ, ಅಂಗಳಕ್ಕೆ ಇಳಿದೇ ನೋಡಬೇಕು ಅಂತ.