ಪರದೆ ಮಂಕು ಮಾಡಿ ರಾತ್ರಿ ಸ್ಟಿಂಟ್ ಓಡಿಸಿದ್ದು: ನನ್ನ ಅನುಭವ

ನಾನು ಕಾರು ಓಡಿಸುವುದು ಮನೆಯಲ್ಲಿ, ಕಂಪ್ಯೂಟರಿನ ಸಿಮ್ ರೇಸಿಂಗ್‌ನಲ್ಲಿ. ಫ್ರಾನ್ಸಿನ ಲೆ ಮಾನ್ ಟ್ರ್ಯಾಕಿನ 24 ಗಂಟೆಯ ರೇಸಿನಲ್ಲಿ ಜಿಟಿ3 (ರಸ್ತೆಯ ಸ್ಪೋರ್ಟ್ಸ್ ಕಾರಿನಿಂದ ಮಾಡಿದ ರೇಸ್ ಕಾರು) ಓಡಿಸಿದವರಿಗೆ ಈ ಲೆಕ್ಕ ಹೊಸದಲ್ಲ. 13.6 ಕಿಲೋಮೀಟರ್ ಸುತ್ತು, ಲ್ಯಾಪಿಗೆ ಹೆಚ್ಚುಕಡಿಮೆ 4 ನಿಮಿಷ, ಗಂಟೆಗೆ 15 ಲ್ಯಾಪ್. ಕತ್ತಲಾದ ಮೇಲೆ ಲ್ಯಾಪಿಗೆ 2 ಸೆಕೆಂಡ್ ಬಿಟ್ಟುಕೊಟ್ಟರೆ ಗಂಟೆಗೆ 30 ಸೆಕೆಂಡ್ ಹೋಯಿತು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗಿ ಮತ್ತೆ ಹುಟ್ಟಲು ಸುಮಾರು 8 ಗಂಟೆ. ಯಾರಿಗೂ ತಾಗಿಸದೆ, ಒಮ್ಮೆಯೂ ಸ್ಪಿನ್ ಆಗದೆ, ಬರೀ ಸರಿಯಾಗಿ ಕಾಣಲಿಲ್ಲ ಎಂಬ ಕಾರಣಕ್ಕೆ ಬೆಳಗಾಗುವಷ್ಟರಲ್ಲಿ ಇಡೀ ಒಂದು ಲ್ಯಾಪ್ ಕೈಬಿಟ್ಟಿರುತ್ತದೆ. ನಮ್ಮ ತಂಡದ್ದು ಬಹಳ ಕಾಲ ಇದೇ ಕಥೆ. ಈಗ ನನ್ನ ಮಟ್ಟಿಗೆ ಆ ಅಂತರ ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿದಿದೆ. ಟ್ರ್ಯಾಕ್ ತಣ್ಣಗಾಗಿ ಹಿಡಿತ ಕೂಡಿಬಂದ ಹೊತ್ತಿನಲ್ಲಿ ಕೆಲವು ಲ್ಯಾಪ್ ಹಗಲಿಗಿಂತ ಬೇಗ ಬಂದದ್ದೂ ಉಂಟು. ಇದಕ್ಕೆ ನಾನು ಮಾಡಿದ್ದು ಎಲ್ಲರೂ ಹೇಳುವುದಕ್ಕೆ ತದ್ವಿರುದ್ಧ. ಪರದೆಯನ್ನು ಇನ್ನಷ್ಟು ಮಂಕು ಮಾಡಿದೆ.

ತಂಡದಲ್ಲಿ ಮೊದಲು ಈ ಮಾತು ಎತ್ತಿದಾಗ ಒಬ್ಬರೂ ಒಪ್ಪಲಿಲ್ಲ. "ಮಾರಾಯ, ಇರೋದೇ ಕಾಣ್ತಿಲ್ಲ, ಇನ್ನೂ ಕತ್ತಲು ಮಾಡ್ಕೊಂಡ್ರೆ ಸೀದಾ ಗೋಡೆಗೆ ಹೋಗ್ತೀಯ" ಅಂದ ಒಬ್ಬ. ಇನ್ನೊಬ್ಬ ರಾತ್ರಿ ಸ್ಟಿಂಟ್‌ಗಳ (ಒಬ್ಬ ಡ್ರೈವರ್ ಒಂದೇ ಸಮನೆ ಓಡಿಸುವ ಸರದಿ) ಪಟ್ಟಿಯಿಂದಲೇ ನನ್ನ ಹೆಸರು ತೆಗೆಯೋಣ ಅಂದ. ಈಗ ಕತ್ತಲಿನ ಡಬಲ್ ಸ್ಟಿಂಟ್ ಬಂದರೆ ಕೇಳದೆಯೇ ನನ್ನ ಹೆಸರು ಬರೆಯುತ್ತಾರೆ.

ಐರೇಸಿಂಗ್ ಎಂಬ ಸಿಮ್‌ಗೆ 2019ರಲ್ಲಿ ಹಗಲು-ರಾತ್ರಿ ಬದಲಾಗುವ ವ್ಯವಸ್ಥೆ ಬಂದಾಗಿನಿಂದ ಎಲ್ಲರ ಬಾಯಲ್ಲೂ ಒಂದೇ ಮದ್ದು: ಗಾಮಾ ಏರಿಸು, ಅಂದರೆ ಚಿತ್ರದ ಕತ್ತಲ ಭಾಗಗಳನ್ನು ಬೆಳಗಿಸು. ನಾನೂ ಏರಿಸಿ ನೋಡಿದೆ. ನಿಲ್ಲಿಸಿದ ಕಾರಿನಿಂದ ನೋಡಿದರೆ ಹುಲ್ಲು, ಬೇಲಿ, ಮರ ಎಲ್ಲವೂ ಚೆನ್ನಾಗಿ ಕಾಣುತ್ತವೆ. ಆದರೆ ಕಪ್ಪು ಬೂದಿಯಾದ ಮೇಲೆ ಡಾಂಬರಿಗೂ ಅಂಚಿನ ಬಿಳಿ ಗೆರೆಗೂ ವ್ಯತ್ಯಾಸ ಅಳಿದುಹೋಗುತ್ತದೆ. ಮಿರರ್‌ನಲ್ಲಿ ಹಿಂದಿನವನ ಹೆಡ್‌ಲೈಟ್ ಎರಡು ದೀಪವಾಗಿ ಉಳಿಯದೆ ಒಂದೇ ಬಿಳಿ ಉಂಡೆಯಾಗುತ್ತದೆ. ಅದು ಎಷ್ಟು ದೂರದಲ್ಲಿದೆ, ವೇಗದ ಪ್ರೊಟೋಟೈಪೋ ನಿಧಾನದ ಜಿಟಿಯೋ, ಏನೂ ತಿಳಿಯದು. ಲೆ ಮಾನ್‌ನ ಪೋರ್ಷೆ ಕರ್ವ್ಸ್ ತಿರುವುಗಳಲ್ಲಿ ನನಗೆ ಬೇಕಿರುವುದು ಅಂಚಿನ ಕರ್ಬ್ ಎಲ್ಲಿ ಶುರುವಾಗುತ್ತದೆ ಎಂಬ ಒಂದೇ ಒಂದು ಸಂಗತಿ. ಗಾಮಾ ಏರಿಸಿದರೆ ಬೇಡದ್ದೆಲ್ಲ ಕಾಣುತ್ತದೆ, ಅದೊಂದು ಮಾತ್ರ ಕಾಣುವುದಿಲ್ಲ.

ಆಮೇಲೆ ದುಡ್ಡಿನ ಸರದಿ. ದೊಡ್ಡ ಬಾಗಿದ ಅಲ್ಟ್ರಾವೈಡ್ ಮಾನಿಟರ್ ಒಂದನ್ನು ತಂದೆ, ಕಪ್ಪನ್ನು ಗಾಢವಾಗಿ ತೋರಿಸುವ ವಿಎ ಪ್ಯಾನೆಲ್. ಹೆಚ್ಚುಕಡಿಮೆ ಸ್ಟೀರಿಂಗ್ ಕೂರಿಸುವ ನನ್ನ ಡೈರೆಕ್ಟ್ ಡ್ರೈವ್ ಮೋಟರ್ ಬೇಸ್‌ನಷ್ಟೇ ಬೆಲೆ. ಕಪ್ಪು ನಿಜವಾಗಿ ಕಪ್ಪಾಗಿಯೇ ಇತ್ತು, ಚಿತ್ರ ನಿಂತಿದ್ದಾಗ ಕಣ್ಣಿಗೆ ಹಬ್ಬ. ಓಡಿಸಿದಾಗ ಅದರ ಗುಣ ಗೊತ್ತಾಯಿತು. ಈ ಬಗೆಯ ಪ್ಯಾನೆಲ್‌ನಲ್ಲಿ ಕಡುಕಪ್ಪಿನಿಂದ ಬೂದಿಗೆ ಬರಲು ಪಿಕ್ಸೆಲ್‌ಗಳಿಗೆ ಹೊತ್ತು ಬೇಕು. ಲೆ ಮಾನ್‌ನ ಮುಲ್ಸಾನ್ ನೇರ ರಸ್ತೆಯಲ್ಲಿ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಶಿಕೇನ್‌ಗೆ (ವೇಗ ತಗ್ಗಿಸುವ ಅಂಕುಡೊಂಕು ತಿರುವು) ಮುಂಚಿನ ದೂರದ ಬೋರ್ಡುಗಳು ಕಪ್ಪು ಬಾಲ ಎಳೆದುಕೊಂಡು ಬರುತ್ತಿದ್ದವು. ಸೆಕೆಂಡಿಗೆ 75 ಮೀಟರ್ ಓಡುತ್ತಿರುವವನಿಗೆ ಬೋರ್ಡು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಿಳಿಯಾದರೂ 7.5 ಮೀಟರ್ ಕೈಬಿಟ್ಟಂತೆ. ಒಂದಷ್ಟು ತಿಂಗಳು ಹೆಣಗಿ ಮಾರಿದೆ. ಕೊಟ್ಟದ್ದರಲ್ಲಿ ಅರ್ಧಕ್ಕಿಂತ ತುಸು ಮೇಲೆ ಬಂತು.

ವಿಆರ್ ಕೂಡ ಆಯಿತು. ದೂರದ ಅಂದಾಜು ಅದರಲ್ಲಿ ಸಿಗುವಷ್ಟು ಯಾವ ಮಾನಿಟರಿನಲ್ಲೂ ಸಿಗದು, ಅದು ನಿಜ. ಆದರೆ ನನ್ನ ಹೆಡ್‌ಸೆಟ್‌ನದು ಉಂಗುರ ಉಂಗುರವಾಗಿ ಕೊರೆದ ಫ್ರೆನೆಲ್ ಲೆನ್ಸ್. ಕತ್ತಲ ಹಿನ್ನೆಲೆಯಲ್ಲಿ ಒಂದು ಪ್ರಖರ ದೀಪ ಬಂತೆಂದರೆ ಅದರಿಂದ ಬೆಳಕಿನ ಗೆರೆಗಳು ಕಣ್ಣ ತುಂಬ ಹರಡುತ್ತವೆ. ಜೊತೆಗೆ ರಾತ್ರಿ ಫ್ರೇಮ್ ರೇಟ್ ಬೀಳುತ್ತದೆ, ಪ್ರತಿ ಕಾರಿನ ದೀಪವೂ ಗ್ರಾಫಿಕ್ಸ್ ಕಾರ್ಡಿಗೆ ಹೊರೆ. ಅದೂ ಈಗ ಡಬ್ಬಿಯಲ್ಲಿದೆ. ಆಟಕ್ಕೆ ತಕ್ಕಂತೆ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ, ಕೇಸರಿ ಗಾಜಿನ ಕನ್ನಡಕ, ಇವುಗಳಿಗೆ ಸುರಿದ ದುಡ್ಡನ್ನು ಲೆಕ್ಕ ಹಾಕುವುದು ಬಿಟ್ಟಿದ್ದೇನೆ. ಕನ್ನಡಕದಿಂದ ಕಣ್ಣಿಗೆ ಹಿತವೇನೋ ಅನ್ನಿಸಿತು, ಆದರೆ ಹಳದಿ ಬಾವುಟಕ್ಕೂ ಬಿಳಿಗೂ ವ್ಯತ್ಯಾಸ ತಿಳಿಯಲು ಕಷ್ಟವಾಯಿತು. ರೇಸಿನಲ್ಲಿ ಅದು ಆಗದ ಮಾತು.

ತಿರುವು ಬಂದದ್ದು ಹಳೆಯ ಐಪಿಎಸ್ ಪ್ಯಾನೆಲ್‌ನ ಮಾನಿಟರಿಗೆ ಮರಳಿದ ಮೇಲೆ. ಒಂದು ರಾತ್ರಿ ಅಭ್ಯಾಸದ ನಡುವೆ ಡ್ಯಾಶ್ ಓವರ್‌ಲೇ (ಚಿತ್ರದ ಮೇಲೆ ರೇಸಿನ ಮಾಹಿತಿ ತೋರಿಸುವ ಪೆಟ್ಟಿಗೆಗಳು) ತಾನಾಗಿ ಮುಚ್ಚಿಹೋಯಿತು. ಅದನ್ನು ಮತ್ತೆ ತೆರೆಯದೆ ಹಾಗೇ ಓಡಿಸಿದೆ. ಎರಡನೇ ಲ್ಯಾಪಿನಲ್ಲಿ ಆರ್ನಾಜ್ ತಿರುವಿನ ಒಳಗಿನ ಕರ್ಬ್ ಹೆಡ್‌ಲೈಟ್ ಬೀಳುವ ಮೊದಲೇ ಮಸುಕಾಗಿ ಕಾಣತೊಡಗಿತು. ಪರದೆಯ ಮೇಲೆ ಪ್ರಖರ ವಸ್ತುವೊಂದು ಇದ್ದರೆ ಕಣ್ಣು ಕತ್ತಲಿಗೆ ಸರಿಯಾಗಿ ಹೊಂದಿಕೊಳ್ಳಲಾರದು. ನನ್ನ ವಿಷಯದಲ್ಲಿ ಆ ವಸ್ತು ರಸ್ತೆಯಾಗಿರಲಿಲ್ಲ, ಮೂಲೆಯಲ್ಲಿದ್ದ ರಿಲೇಟಿವ್ ಪೆಟ್ಟಿಗೆಯ (ಹಿಂದೆ ಮುಂದೆ ಇರುವ ಕಾರುಗಳು ಎಷ್ಟು ಸೆಕೆಂಡ್ ದೂರ ಎಂದು ತೋರಿಸುವುದು) ಬಿಳಿ ಅಕ್ಷರಗಳಾಗಿದ್ದವು. ಅಡುಗೆಮನೆಯಲ್ಲಿ ದೀಪ ಉರಿಸಿಟ್ಟು ಕಿಟಕಿಯಾಚೆಯ ಅಂಗಳ ನೋಡಲು ಹೋದಂತೆ, ಹೊರಗಿನ ದೀಪ ಎಷ್ಟು ಹೆಚ್ಚಿಸಿದರೂ ಅಷ್ಟೆ.

ಅಂದಿನಿಂದ ಬಿಳಿಯನ್ನು ಹುಡುಕಿ ಹುಡುಕಿ ಕೊಂದೆ. ಓವರ್‌ಲೇ ಅಕ್ಷರಗಳೆಲ್ಲ ಮಂದ ಕೆಂಪು ಅಥವಾ ಕಂದು, ಹಿನ್ನೆಲೆ ಪೂರ್ತಿ ಕಪ್ಪು. ಗೇರ್ ಬದಲಿಸಲು ಸೂಚಿಸುವ ಸ್ಟೀರಿಂಗ್‌ನ ಶಿಫ್ಟ್ ಲೈಟ್‌ಗಳನ್ನು ಸಿಮ್‌ಹಬ್ ತಂತ್ರಾಂಶದಲ್ಲಿ ಕಾಣುವ ಕನಿಷ್ಠ ಮಟ್ಟಕ್ಕೆ ಇಳಿಸಿದೆ. ಬಟನ್ ಬಾಕ್ಸಿನ ದೀಪಗಳ ಮೇಲೆ ಟೇಪ್ ಹಚ್ಚಿದೆ. ಕೀಬೋರ್ಡಿನ ಬಣ್ಣದ ದೀಪ ಬಂದ್. ಮಾನಿಟರಿನ ಬೆಳಕನ್ನು ಹಗಲಿನ ಮಟ್ಟದ ಮೂರನೇ ಒಂದಕ್ಕೆ ತಂದೆ, ಗಾಮಾ ಮಾತ್ರ ಮಾಮೂಲಿ 2.2ರಲ್ಲೇ ಬಿಟ್ಟೆ. ಪರದೆಯ ಹಿಂದಿನ ಗೋಡೆಗೆ ಮಾತ್ರ ಬೀಳುವಂತೆ ಒಂದು ಸಣ್ಣ ಬಲ್ಬ್, 6500 ಕೆಲ್ವಿನ್‌ನದು (ಹಗಲಿನಂಥ ಬಿಳಿ), ಅದರ ಮೇಲೆ ಕಾಗದ ಸುತ್ತಿದ್ದು. ಪೂರ್ತಿ ಕತ್ತಲ ಕೋಣೆಯಲ್ಲಿ ಕೂತರೆ ಹಿಂದಿನವನ ಹೈಬೀಮ್ ಬಂದಾಗಲೆಲ್ಲ ಕಣ್ಣು ಕುಕ್ಕುತ್ತದೆ, ಗೋಡೆಯ ಮೇಲೆ ತುಸು ಬೆಳಕಿದ್ದರೆ ಆ ಏರಿಳಿತ ತಗ್ಗುತ್ತದೆ. ಇಷ್ಟೆಲ್ಲಕ್ಕೂ ಆದ ಖರ್ಚು ಆ ಅಲ್ಟ್ರಾವೈಡಿನ ಸ್ಟ್ಯಾಂಡಿಗೂ ಸಾಲದಷ್ಟು. ಗ್ರಾಫಿಕ್ಸ್‌ನಲ್ಲಿ ಕಪ್ಪಿನ ಮಟ್ಟಕ್ಕೆ ಸಂಬಂಧಿಸಿದ ಇನ್ನೊಂದು ಹೊಂದಾಣಿಕೆ ಇದೆ. ಅದು ನಮ್ಮ ತಂಡದೊಳಗೇ ಇರಲಿ.

ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಪರದೆಯ ಮುಂದೆ ಕೂತವನಿಗೆ ಅಷ್ಟು ಪೂರ್ತಿಯಾಗಿ ಸಿಗದು, ಆದರೂ ಅರ್ಧ ಸಿಕ್ಕರೂ ಲಾಭವೇ. ಡ್ರೈವರ್ ಸ್ವಾಪ್‌ಗೆ ಅರ್ಧ ಗಂಟೆ ಮೊದಲೇ ಮಂದ ಕೋಣೆಗೆ ಬಂದು ಕೂರುತ್ತೇನೆ, ಮೊಬೈಲ್ ಮುಟ್ಟುವುದಿಲ್ಲ. ಪಿಟ್ ಲೇನಿನ ಬೆಳಕಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಅದನ್ನು ಕತ್ತಲಿಗೆ ಉಳಿಸಿಕೊಳ್ಳುವ ಪ್ರಯೋಗವನ್ನೂ ಮಾಡಿದೆ. ಹೊರಗೆ ಬಂದ ಮೇಲೆ ಎರಡು ಕಣ್ಣಿಗೆ ಎರಡು ಬಗೆಯ ರಸ್ತೆ, ತಲೆ ತಿರುಗಿದಂತಾಗಿ ಕೈಬಿಟ್ಟೆ.

ಇಷ್ಟಾದರೂ ನೂರಾರು ಮೀಟರ್ ಆಚೆಗೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಹಗಲಿನ ಬ್ರೇಕಿಂಗ್ ಗುರುತುಗಳಲ್ಲಿ ಅರ್ಧ ನೆರಳು, ಮರ, ದೂರದ ಕಟ್ಟೆ. ರಾತ್ರಿ ಇವು ಯಾವುವೂ ಇರುವುದಿಲ್ಲ. ಹಾಗಾಗಿ ಗುರುತುಗಳನ್ನೇ ಬದಲಿಸಿದೆ: ಹೆಡ್‌ಲೈಟ್ ಬೆಳಕಿನೊಳಗೆ ಬರುವುದು ಮಾತ್ರ ಗುರುತು, ಉಳಿದದ್ದು ಕಿವಿ ಮತ್ತು ಕೈ. ಲೆ ಮಾನ್‌ನಲ್ಲೇ ಇರುವ ಇಂಡಿಯಾನಾಪೊಲಿಸ್ ತಿರುವುಗಳಿಗೆ ಬರುವಾಗ ಎಂಜಿನ್ನಿನ ಶ್ರುತಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೇ ಹಿಡಿದು ಮೊದಲ ಬಲ ತಿರುವಿಗೆ ಇಳಿಯುತ್ತೇನೆ. ಜರ್ಮನಿಯ ನಾರ್ಡ್‌ಶ್ಲೈಫೆ ಟ್ರ್ಯಾಕಿನಲ್ಲಂತೂ ಫುಕ್ಸ್‌ರೋರೆ ಇಳಿಜಾರಿನ ತಳದಲ್ಲಿ ಸ್ಟೀರಿಂಗ್ ಭಾರವಾಗುವ ಕ್ಷಣವೇ ಗುರುತು, ಕಣ್ಣಿನಿಂದ ಅಲ್ಲಿ ಏನೂ ಸಿಗದು. ಇದನ್ನು ಕಲಿಯಲು ಸಮಯವನ್ನು ನಡುರಾತ್ರಿಯಲ್ಲಿ ನಿಲ್ಲಿಸಿದ ಟೆಸ್ಟ್ ಸೆಷನ್‌ಗಳಲ್ಲಿ ಒಂಟಿಯಾಗಿ ಗಂಟೆಗಟ್ಟಲೆ ಸುತ್ತಿದೆ. ಅಮೆರಿಕದ ಡೇಟೋನಾ ಟ್ರ್ಯಾಕಿನಲ್ಲಿ ಮಾಡಿದ ಅಭ್ಯಾಸ ಇದಕ್ಕೆ ಬಾರದು. ಜನವರಿಯ ರೇಸಿನ ಉದ್ದದ ರಾತ್ರಿಯಲ್ಲೂ ಅಲ್ಲಿ ಫ್ಲಡ್‌ಲೈಟ್ ಇರುತ್ತದೆ.

ಟೈರಿನ ಮಾತು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಎಸಿಸಿಯಲ್ಲಿ (ಅಸೆಟ್ಟೊ ಕೋರ್ಸಾ ಕಾಂಪಿಟಿಝಿಯೋನೆ, ಇನ್ನೊಂದು ಸಿಮ್) ಹೊರಗಿನ ಗಾಳಿಯ ಉಷ್ಣ ಒಂದು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 0.1 ಪಿಎಸ್‌ಐ ಇಳಿಯುತ್ತದೆಂದು ಹಿಡಿದು, ಸೂರ್ಯ ಮುಳುಗುವ ಮೊದಲಿನ ಪಿಟ್‌ನಲ್ಲೇ ಏರಿಸಿಕೊಳ್ಳುತ್ತೇನೆ.

ಇನ್ನು ಟ್ರಾಫಿಕ್. ಕಣ್ಣು ಸರಿಹೋದ ಮೇಲೂ ರಾತ್ರಿ ಹಾಳಾಗುವುದು ಇಲ್ಲೇ, ಇದರ ಬಗ್ಗೆ ನನಗೆ ಹೊಟ್ಟೆ ಉರಿಯುವಷ್ಟು ಸಂಕಟವಿದೆ. ಲೆ ಮಾನ್‌ನ ನೇರ ರಸ್ತೆಯಲ್ಲಿ ಹೈಪರ್‌ಕಾರ್‌ಗೂ (ಅತಿ ವೇಗದ ಪ್ರೊಟೋಟೈಪ್ ಕ್ಲಾಸ್) ಜಿಟಿ3ಗೂ ಗಂಟೆಗೆ 50 ಕಿಲೋಮೀಟರ್ ವ್ಯತ್ಯಾಸ ಹಿಡಿದುಕೊಳ್ಳಿ. ಸೆಕೆಂಡಿಗೆ 14 ಮೀಟರ್. ನೂರು ಮೀಟರ್ ಹಿಂದಿದ್ದವನು 7 ಸೆಕೆಂಡಿನಲ್ಲಿ ಪಕ್ಕಕ್ಕೆ ಬರುತ್ತಾನೆ. ಹಗಲಲ್ಲಿ ಮಿರರ್‌ನಲ್ಲಿ ಕಾರು ದೊಡ್ಡದಾಗುವುದು ಕಾಣುತ್ತದೆ, ರಾತ್ರಿ ಎರಡು ದೀಪದ ನಡುವಿನ ಅಂತರವೊಂದೇ ಅಳತೆ. ಮುಂದಿನವನಿಗೆ ಆ ಅಂತರವನ್ನು ಓದಲು ಬಿಡಬೇಕೆಂದರೆ ಹಿಂದಿನವನು ಹೆಡ್‌ಲೈಟ್ ಫ್ಲಾಶ್ ಒಮ್ಮೆ ಹೊಡೆದರೆ ಸಾಕು. ನೂರು ಮೀಟರ್ ದೂರದಲ್ಲಿ, ಬ್ರೇಕಿಂಗ್‌ಗೆ ಬಹಳ ಮುಂಚೆ, ಒಂದೇ ಸಲ. ಹಿಂದೆ ಅಂಟಿಕೊಂಡು ಪಟಪಟನೆ ಹೊಡೆಯುವವರಿದ್ದಾರಲ್ಲ, ಅವರು ಮುಂದಿನವನ ಮಿರರನ್ನೇ ಕುರುಡು ಮಾಡುತ್ತಾರೆ. ಅವನು ಗಾಬರಿಯಲ್ಲಿ ಎಲ್ಲೋ ಆಕ್ಸಿಲರೇಟರ್ ಬಿಡುತ್ತಾನೆ, ಡಿಕ್ಕಿಯಾಗಿ ಇಬ್ಬರಿಗೂ 4 ಇನ್ಸಿಡೆಂಟ್ ಪಾಯಿಂಟ್ (ಸಿಮ್ ಹಾಕುವ ದಂಡದ ಅಂಕ), ರಿಪೇರಿಗೆ ಹತ್ತು ನಿಮಿಷ.

ನಿಧಾನದ ಕ್ಲಾಸಿನಲ್ಲಿರುವಾಗ ನನ್ನ ನಿಯಮ ಗಟ್ಟಿ: ಲೈನ್ ಬಿಡುವುದಿಲ್ಲ. ನೀಲಿ ಬಾವುಟ (ಹಿಂದೆ ವೇಗದ ಕಾರು ಬರುತ್ತಿದೆ ಎಂಬ ಸೂಚನೆ) ಬಂತೆಂದು ಕತ್ತಲಲ್ಲಿ ಪಕ್ಕಕ್ಕೆ ಸರಿದವನೇ ಹೆಚ್ಚಾಗಿ ಗುದ್ದಿಸಿಕೊಳ್ಳುತ್ತಾನೆ. ಹಿಂದಿನವನೂ ಅದೇ ಹೊತ್ತಿಗೆ ಅದೇ ಕಡೆ ಆರಿಸಿಕೊಂಡಿರುತ್ತಾನೆ. ಸುರಕ್ಷಿತವಾಗಿ ದಾಟುವ ಹೊಣೆ ವೇಗದ ಕಾರಿನದು. ನಾನು ಸಹಾಯ ಮಾಡುವುದಿದ್ದರೆ ತಿರುವು ಮುಗಿದು ಹೊರಬರುವಾಗ ಅರ್ಧ ಕ್ಷಣ ತಡವಾಗಿ ಆಕ್ಸಿಲರೇಟರ್ ಒತ್ತುತ್ತೇನೆ, ತಿರುವಿಗೆ ಇಳಿಯುವಾಗ ಎಂದೂ ಅಲ್ಲ. ಎಸಿಸಿಯಲ್ಲಿ ಇಂಡಿಕೇಟರ್ ಇದೆ. ಹಿಂದಿನವನು ಯಾವ ಕಡೆಯಿಂದ ಹೋಗಲಿ ಅಂತ ಬಯಸುತ್ತೇನೋ ಅದರ ಎದುರು ಬದಿಯದನ್ನು, ಅಂದರೆ ನಾನು ಇರುವ ಬದಿಯದನ್ನು ಹಾಕುತ್ತೇನೆ.

ಮಿರರ್‌ಗಿಂತ ಬೇಗ ಸುದ್ದಿ ಕೊಡುವುದು ರಸ್ತೆ. ಹಿಂದಿನ ಕಾರಿನ ಬೆಳಕು ನನ್ನನ್ನು ದಾಟಿ ಮುಂದೆ ಬಿದ್ದಿರುತ್ತದೆ. ನನ್ನ ಬಲಗಡೆಯ ಡಾಂಬರು ಇದ್ದಕ್ಕಿದ್ದಂತೆ ಬೆಳಗಿತೋ, ಅವನು ಬಲಕ್ಕೆ ಬರುತ್ತಿದ್ದಾನೆ. ಅಕ್ಕಪಕ್ಕದ ಕಾರುಗಳ ಬಗ್ಗೆ ಎಚ್ಚರಿಸುವ ಸ್ಪಾಟರ್ "ಬಲಗಡೆ ಕಾರ್" ಅನ್ನುವ ಮೊದಲೇ ನನಗೆ ಗೊತ್ತಿರುತ್ತದೆ. ಫ್ರೇಮ್ ಉಳಿಸಲೆಂದು ಬೇರೆ ಕಾರುಗಳ ಹೆಡ್‌ಲೈಟ್ ಬೆಳಕನ್ನು ಕಡಿತ ಮಾಡುವವರು ಈ ಸುದ್ದಿಯನ್ನೇ ಕಳೆದುಕೊಳ್ಳುತ್ತಾರೆ. ಬೇಕಿದ್ದರೆ ಪ್ರೇಕ್ಷಕರನ್ನು, ಪಿಟ್‌ನ ವಸ್ತುಗಳನ್ನು, ನೆರಳಿನ ಗುಣಮಟ್ಟವನ್ನು ಇಳಿಸಿ, ಇದನ್ನು ಮಾತ್ರ ಮುಟ್ಟಬೇಡಿ. ದೀಪದ ಆಕಾರ ನೋಡಿ ಹಿಂದಿರುವುದು ಯಾವ ಕಾರು ಅಂತ ಹೇಳುವುದನ್ನೂ ರೂಢಿ ಮಾಡಿಕೊಂಡೆ. ಕ್ಯಾಡಿಲಾಕ್‌ನ ಲಂಬವಾದ ದೀಪ ಕಂಡರೆ ಬೇರೆ ಏನೂ ನೋಡಬೇಕಿಲ್ಲ.

ಎಲ್ಲಕ್ಕಿಂತ ಅಪಾಯ ಅಡ್ಡ ನಿಂತ ಕಾರು. ಅದರ ಹೆಡ್‌ಲೈಟ್ ಗೋಡೆಯ ಕಡೆ, ಹಿಂದಿನ ಕೆಂಪು ಇನ್ನೊಂದು ಗೋಡೆಯ ಕಡೆ, ನಮ್ಮ ಕಡೆಗೆ ಬರೀ ಕಪ್ಪು ಬಾಗಿಲು. ಬಾವುಟಕ್ಕೆ ಕಾಯದೆ ಬೇಲಿಯ ಮೇಲೆ ಬೆಳಕು ತಪ್ಪು ಕೋನದಲ್ಲಿ ಬಿದ್ದಿದೆಯೇ ಅಂತ ನೋಡುತ್ತೇನೆ. ಲೆ ಮಾನ್‌ನ ಟೆರ್ತ್ರ್ ರೂಜ್ ತಿರುವಿನಲ್ಲಿ ಒಮ್ಮೆ ಹೀಗೆಯೇ ಬೇಲಿಯ ಮೇಲೆ ಅಡ್ಡ ಬೆಳಕು ಕಂಡು ಕಾಲು ತೆಗೆದೆ. ನನ್ನ ಮುಂದಿದ್ದವನು ತೆಗೆಯಲಿಲ್ಲ, ಅವನ ರೇಸ್ ಅಲ್ಲಿಗೇ ಮುಗಿಯಿತು. ನೀವೇ ಸ್ಪಿನ್ ಆದರೆ ಬ್ರೇಕ್ ಗಟ್ಟಿಯಾಗಿ ಹಿಡಿದು ನಿಲ್ಲಿ. ಉರುಳಬೇಡಿ, ಬರುವವರು ನಿಂತದ್ದನ್ನು ತಪ್ಪಿಸಬಲ್ಲರು. ರಿಲೇಟಿವ್‌ನಲ್ಲಿ ಹತ್ತು ಸೆಕೆಂಡ್ ಖಾಲಿ ಸಿಕ್ಕ ಮೇಲಷ್ಟೇ ಕಾರು ತಿರುಗಿಸಿ. ಆ ಹತ್ತು ಸೆಕೆಂಡ್ ಕಾಯಲಾರದೆ ಇಡೀ ತಂಡದ ರಾತ್ರಿಯನ್ನು ಹಾಳು ಮಾಡಿದವರನ್ನು ಕಂಡಾಗ ಇವತ್ತಿಗೂ ಸಿಟ್ಟು ಬರುತ್ತದೆ. ಆರು ಗಂಟೆ ಎಚ್ಚರ ಕೂತ ಬೇರೆ ಡ್ರೈವರ್‌ಗಳ ಶ್ರಮ ಅದರಲ್ಲಿದೆ.

ಮಳೆ ಬಂದರೆ ಮಾತ್ರ ನನ್ನ ವಿಧಾನಕ್ಕೆ ಅರ್ಧ ಅಂಕ. ಐರೇಸಿಂಗ್‌ಗೆ 2024ರಲ್ಲಿ ಮಳೆ ಬಂದ ಮೇಲೆ ಒದ್ದೆ ರಾತ್ರಿಯಲ್ಲಿ ಓಡಿಸಿ ನೋಡುತ್ತಿದ್ದೇನೆ. ಮುಂದಿನ ಕಾರು ಎಬ್ಬಿಸುವ ನೀರಿನ ಹೊಗೆಗೆ ನನ್ನದೇ ಹೆಡ್‌ಲೈಟ್ ಬಿದ್ದು ಪರದೆಯ ತುಂಬ ಬಿಳಿಯಾಗುತ್ತದೆ, ಆಗ ಮಂಕು ಪರದೆಯಿಂದ ಕಣ್ಣಿಗೆ ಹಿತವೇ ಹೊರತು ರಸ್ತೆ ಕಾಣುವುದಿಲ್ಲ. ಸದ್ಯಕ್ಕೆ ಮುಂದಿನವನ ನೇರ ಹಿಂದೆ ಇರದೆ ಅರ್ಧ ಕಾರಿನಗಲ ಪಕ್ಕಕ್ಕೆ ಸರಿದು, ಅವನ ಹಿಂದಿನ ಕೆಂಪು ದೀಪವನ್ನು ಪರದೆಯ ಅಂಚಿಗೆ ಇಟ್ಟುಕೊಂಡು ಓಡಿಸುತ್ತಿದ್ದೇನೆ. ಬೆಲ್ಜಿಯಮ್‌ನ ಸ್ಪಾ ಟ್ರ್ಯಾಕಿನ ಕೆಮ್ಮೆಲ್ ನೇರ ರಸ್ತೆಯಲ್ಲಿ ಇದು ಕೆಲಸ ಮಾಡುತ್ತಿದೆ, ಅಲ್ಲಿನ ಬ್ಲಾಂಶಿಮಾನ್ ತಿರುವಿನಲ್ಲಿ ಇನ್ನೂ ಇಲ್ಲ.